ಮಿಣುಕು ದೀಪ

ನಮ್ಮ ಕಡೆ ದೀಪವನ್ನು ‘ಆರಿಸು’ ಎನ್ನುವಂತಿಲ್ಲ. ‘ದೊಡ್ಡದು ಮಾಡು’ ಎನ್ನಬೇಕು. ತರ್ಕಶಾಸ್ತ್ರ ಓದಿದವರು ಇದಕ್ಕೆ ನಗಬಹುದು, ನಗಲಿ. ಎಣ್ಣೆಯ ಹಣತೆ ಹೋಗಿ ಸೀಮೆಎಣ್ಣೆಯ ಬುಡ್ಡಿ ಬಂತು. ಬುಡ್ಡಿ ಹೋಗಿ ವಿದ್ಯುತ್ತಿನ ಬಲ್ಬು ಬಂತು. ಸ್ವಿಚ್ಚಿನ ಮುಂದೆ ನಿಂತು ‘ದೊಡ್ಡದು ಮಾಡು’ ಎನ್ನುವವರು ಈಗ ಅಪರೂಪ. ನಮ್ಮ ತಾಯಿ ಮಾತ್ರ ಇಂದಿಗೂ ಬಿಟ್ಟಿಲ್ಲ. ನನ್ನ ಲ್ಯಾಪ್‌ಟಾಪಿನ ದೀಪ ನಮ್ಮ ಮನೆಯಲ್ಲಿ ಒಂದು ಪ್ರಕರಣವಾದದ್ದು ಅದಕ್ಕೇ ಇರಬೇಕು.

ದೀಪವೆಂದರೆ ಏನು ಮಹಾ! ಯಂತ್ರದ ಪಕ್ಕದ ಅಂಚಿನಲ್ಲಿ ರಾಗಿಕಾಳಿನಷ್ಟು ದಪ್ಪ. ವೈಫೈ ಕೆಲಸ ಮಾಡುತ್ತಿದೆಯೆಂದು ತೋರಿಸುವುದಕ್ಕೆ ಇಟ್ಟದ್ದು. ಈಚಿನ ಅನೇಕ ಯಂತ್ರಗಳಿಗೆ ಅದು ಇಲ್ಲವೇ ಇಲ್ಲ. ನನ್ನದು ಹಳೆಯದು, ಒಂದು ಕೈ ಬದಲಿಸಿ ಬಂದದ್ದು. ಹಗಲಿನಲ್ಲಿ ಆ ದೀಪ ಇದೆಯೆಂಬುದೇ ತಿಳಿಯದು. ಅದರ ಪ್ರತಾಪವನ್ನು ಕತ್ತಲೆಯಲ್ಲಿ ನೋಡಬೇಕು.

ತಾಯಿ ಎದೆಯ ಕಾಯಿಲೆಯಿಂದ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದರು. ನಿದ್ರೆಯೇ ಅರ್ಧ ಔಷಧವೆಂದು ಡಾಕ್ಟರು ಹೇಳಿ ಕಳಿಸಿದ್ದರು. ರಾತ್ರಿ ಯಾರಾದರೂ ಜೊತೆಗಿರಬೇಕಲ್ಲ; ನಾನು ಅವರ ಕೋಣೆಯಲ್ಲೇ ಮೇಜು ಹಾಕಿಕೊಂಡೆ. ಕಚೇರಿಯ ಕೆಲಸವೂ ಆದೀತು, ಕಾವಲೂ ಆದೀತು. ಪರದೆಯ ಬೆಳಕನ್ನು ಆದಷ್ಟೂ ತಗ್ಗಿಸಿದೆ. ಎರಡನೆಯ ರಾತ್ರಿ ಹಾಸಿಗೆಯಿಂದ ದನಿ ಬಂತು:

“ಅದು ಯಾಕೋ ಹಾಗೆ ಹೊಡಕೋತಾ ಇದೆ?”

“ಅದು ವೈಫೈ ದೀಪ ಕಣಮ್ಮ. ಮಲಗು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಆಸ್ಪತ್ರೇಲಿ ಪಕ್ಕದ ಹಾಸಿಗೆಯವರ ಯಂತ್ರದಲ್ಲೂ ಹೀಗೇ ಒಂದು ಮಿಣುಕ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಹಾಸಿಗೆ ಖಾಲಿ.”

ಇದಕ್ಕೆ ನಾನೇನು ಉತ್ತರ ಹೇಳಲಿ? ಗಾಯಕ್ಕೆ ಹಾಕುವ ಪಟ್ಟಿಯನ್ನು ಕತ್ತರಿಸಿ ಅಂಟಿಸಿದೆ. ದೀಪ ಅದರೊಳಗಿಂದಲೂ ಕೆಂಪಗೆ ಮಿಡಿಯಿತು. ಮೊದಲಿಗಿಂತ ಕೆಡುಕಾಗಿ ಕಂಡಿತು. ವೈಫೈಯನ್ನೇ ನಿಲ್ಲಿಸೋಣವೆಂದರೆ ಕೆಲಸ ನಿಂತು ಸಂಬಳಕ್ಕೆ ಸಂಚಕಾರ.

ನನ್ನ ಯಂತ್ರವನ್ನು ನಡೆಸುವುದು ಉಬುಂಟು, ಲಿನಕ್ಸ್ ಕುಲದ್ದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಬರೆಯತೊಡಗಿ ಯಾರು ಬೇಕಾದರೂ ನೋಡಲೆಂದು ಹೊರಗಿಟ್ಟ. ಅಂದಿನಿಂದ ಸಾವಿರಾರು ಕೈಗಳು ಅದನ್ನು ತಿದ್ದಿವೆ. ಬೀಗವಿಲ್ಲದ ಮನೆ ಅದು. ಅಡಿಗೆಮನೆಯವರೆಗೂ ಹೋಗಿ ಮುಚ್ಚಳ ತೆಗೆದು ನೋಡಬಹುದು. ನೋಡಿದೆ. ವೈಫೈ ಚಿಪ್ಪನ್ನು ನಡೆಸುವ ಚಾಲಕಕ್ಕೆ ‘ಐಡಬ್ಲ್ಯುಎಲ್‌ವೈಫೈ’ ಎಂದು ಹೆಸರು. ಅದರ ಮೂಲ ಬರಹದಲ್ಲಿ ದೀಪಕ್ಕೆಂದೇ ಒಂದು ಪುಟ್ಟ ಕೋಷ್ಟಕವಿದೆ. ಮಾಹಿತಿ ತೊಟ್ಟಿಕ್ಕುತ್ತಿದ್ದರೆ ಸೆಕೆಂಡಿನ ಸಾವಿರದಲ್ಲಿ 334 ಭಾಗಕ್ಕೊಮ್ಮೆ ಮಿಣುಕಬೇಕು, ಎಂದರೆ ಸೆಕೆಂಡಿಗೆ ಮೂರು ಸಲ. ಹರಿವು ಹೆಚ್ಚಿದಂತೆ 260, 220, 190 ಎಂದು ಇಳಿಯುತ್ತ, ಹೊಳೆಯೇ ಬಂದಾಗ 50. ಹರಿವೇ ಇಲ್ಲದಿದ್ದರೆ ಸುಮ್ಮನೆ ಉರಿಯಬೇಕು. ಸೆಕೆಂಡಿಗೊಮ್ಮೆ ಹರಿವನ್ನು ಅಳೆದು ತಾಳ ಬದಲಿಸುತ್ತದೆ. ನಾನು ಕೈಕಟ್ಟಿ ಕುಳಿತಿದ್ದಾಗಲೂ ಅದು ಮಿಣುಕುತ್ತಿದ್ದುದೇಕೆಂದು ಆಗ ತಿಳಿಯಿತು: ಅಂಚೆಯೋ ಮತ್ತೊಂದೋ ಹಿಂಬಾಗಿಲಿನಿಂದ ಬರುತ್ತಲೇ ಇತ್ತು. ತಾಯಿಗೆ ಕೆಟ್ಟ ಶಕುನವಾಗಿ ಕಂಡದ್ದು ಪಾಪ, ಲೆಕ್ಕ ಒಪ್ಪಿಸುತ್ತಿತ್ತು!

ಲೆಕ್ಕ ಬೇಡವೆನ್ನುವವರನ್ನೂ ಯಾರೋ ನೆನೆದಿದ್ದರು. ‘ಮಾಡ್‌ಇನ್ಫೋ’ ಎಂದು ಕೇಳಿದರೆ ಯಂತ್ರವೇ ಹೇಳುತ್ತದೆ: ‘ಎಲ್‌ಇಡಿ_ಮೋಡ್’ಗೆ 0 ಎಂದರೆ ವಾಡಿಕೆಯಂತೆ, 1 ಎಂದರೆ ರೇಡಿಯೋ ನಡೆಯುವಷ್ಟು ಹೊತ್ತೂ ಸ್ಥಿರವಾಗಿ, 2 ಎಂದರೆ ಮಿಣುಕು, 3 ಎಂದರೆ ಇಲ್ಲವೇ ಇಲ್ಲ. ಬೇಕಾದ ಅಂಕಿಯನ್ನು ‘ಇಟಿಸಿ’ ಎಂಬ ಕಪಾಟಿನಲ್ಲಿ, ‘ಮಾಡ್‌ಪ್ರೋಬ್.ಡಿ’ ಎಂಬ ಅರೆಯಲ್ಲಿ ಒಂದು ಸಾಲಾಗಿ ಬರೆದಿಡಬೇಕು. ‘ಇಟಿಸಿ’ ಎಂದರೆ ‘ಇತ್ಯಾದಿ’. ಮುಖ್ಯವಾದ ಕಾಗದಪತ್ರಗಳನ್ನೆಲ್ಲ ‘ಇತ್ಯಾದಿ’ಯ ಡಬ್ಬಿಯಲ್ಲಿಡುವ ಸಂಸಾರ ನಮ್ಮದೊಂದೇ ಅಲ್ಲವೆಂದು ಸಮಾಧಾನವಾಯಿತು.

ಯಜಮಾನನೆಂದು ಗುಪ್ತಪದ ಹೇಳಿ ಕಡತ ತೆರೆದೆ. 3 ಎಂದು ಬರೆಯುವವನಿದ್ದೆ.

“ಆರಿಸಿಬಿಡ್ತೀನಮ್ಮ, ಇನ್ನು ನಿನಗೆ ತೊಂದರೆಯಿಲ್ಲ.”

“ಬಿಡ್ತು ಅನ್ನು,” ಎಂದರು. “ಆರಿಸೋದು ಬೇಡ. ಎಚ್ಚರವಾದಾಗ ನೀನು ಇಲ್ಲೇ ಕೂತಿದೀಯ ಅಂತ ನನಗೆ ಗೊತ್ತಾಗೋದು ಅದರಿಂದಲೇ ಕಣೋ. ಉರೀಲಿ. ಹೊಡಕೋಬಾರದು, ಅಷ್ಟೆ.”

ನಾಲ್ಕು ಅಂಕಿಗಳಲ್ಲಿ ಅದಕ್ಕೂ ಒಂದು ಇತ್ತಲ್ಲ! ‘ಆಪ್ಷನ್ಸ್ ಐಡಬ್ಲ್ಯುಎಲ್‌ವೈಫೈ ಎಲ್‌ಇಡಿ_ಮೋಡ್=1’ ಎಂದು ಬರೆದು ಯಂತ್ರವನ್ನು ಮತ್ತೆ ಹೊರಡಿಸಿದೆ. ದೀಪ ಹತ್ತಿತು, ನಿಂತಿತು. ಗಾಳಿಯಿಲ್ಲದ ಗರ್ಭಗುಡಿಯ ಸೊಡರಿನಂತೆ ಎನ್ನುತ್ತಿದ್ದೆ, ಅದರ ಬಣ್ಣ ಕಿತ್ತಳೆಯಲ್ಲದೆ ಇದ್ದಿದ್ದರೆ. ತಾಯಿ ಒಮ್ಮೆ ಮಗ್ಗುಲು ತಿರುಗಿ ಅದನ್ನು ನೋಡಿದರು, ಏನೂ ಹೇಳಲಿಲ್ಲ. ಒಂದು ಗಂಟೆಯ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿಸಿತು.

ಕಡತ ಎಷ್ಟು ಬೇಗ ಬರುತ್ತಿದೆಯೆಂದು ದೀಪ ನೋಡಿ ಹೇಳಲು ಈಗ ನನಗಾಗದು. ತಾಯಿ ಚೇತರಿಸಿಕೊಂಡು ತಮ್ಮ ಕೋಣೆಯಿಂದ ನನ್ನ ಮೇಜನ್ನು ಹೊರಹಾಕಿ ಬಹಳ ದಿನವಾಯಿತು. ಆಮೇಲೆ ಎರಡು ಸಲ ಉಬುಂಟುವಿನ ಹೊಸ ಆವೃತ್ತಿಗೆ ಏರಿದ್ದೇನೆ. ‘ಇತ್ಯಾದಿ’ಯಲ್ಲಿ ಆ ಸಾಲು ಹಾಗೆಯೇ ಇದೆ.