ಹಿಡಿದು ಬಿಟ್ಟ ಬಿಳಿಮೀನು

“ಬಿಡೋದೇ ಆದ್ರೆ ಹಿಡಿಯೋದ್ಯಾಕೆ ತಾತ?”

ನಾನು ಕೊಡಗಿಗೆ ಹೊರಟು ನಿಂತಾಗ ಆರನೇ ತರಗತಿಯ ಮೊಮ್ಮಗಳು ಕೇಳಿದ ಪ್ರಶ್ನೆ ಇದು. ನನ್ನಲ್ಲಿ ಉತ್ತರವಿರಲಿಲ್ಲ. “ಹೋಗಿ ಬಂದು ಹೇಳ್ತೀನಿ” ಎಂದು ಚೀಲ ಹೆಗಲಿಗೇರಿಸಿದೆ.

ನನ್ನ ಬಾಲ್ಯ ಕಳೆದದ್ದು ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ದೇವರ ಮೀನುಗಳಿವೆ. ಕಡಲೆಪುರಿ ಚೆಲ್ಲಿದರೆ ಸಾಕು, ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತಿದ್ದವು. ಒಮ್ಮೆ ಮುಟ್ಟಿ ನೋಡಬೇಕೆಂದು ನೀರಿಗೆ ಕೈ ಹಾಕಿದ್ದಕ್ಕೆ ಅಜ್ಜಿ ನನ್ನ ಕಿವಿ ಹಿಂಡಿದ್ದರು. ಮುಟ್ಟುವ ಆಸೆ ಮಾತ್ರ ಹಾಗೇ ಉಳಿದುಬಿಟ್ಟಿತು.

ಅದನ್ನು ಬಲ್ಲವನು ನನ್ನ ಗೆಳೆಯ. ಒಂದೇ ಶಾಲೆಯಲ್ಲಿ ಇಪ್ಪತ್ತು ವರ್ಷ ಜೊತೆಯಾಗಿ ಪಾಠ ಮಾಡಿದವರು ನಾವು. ನಿವೃತ್ತಿಯಾದ ಮೇಲೆ ಅವನು ತನ್ನ ಊರಿನ ಕಾಫಿ ತೋಟಕ್ಕೆ ಮರಳಿದ. “ಮೀನು ಮುಟ್ಟೋ ಆಸೆ ಇನ್ನೂ ಇದೆಯಾ? ಹಾಗಾದರೆ ಬಾ” ಎಂದು ಫೆಬ್ರವರಿಯಲ್ಲಿ ಫೋನು ಮಾಡಿದ.

ಕುಶಾಲನಗರದಿಂದ ಸಿದ್ದಾಪುರದ ಕಡೆ ಹೊರಟರೆ, ದುಬಾರೆ ಆನೆ ಶಿಬಿರ ದಾಟಿದ ಮೇಲೆ ವಾಲ್ನೂರು ಸಿಗುತ್ತದೆ. ಇಲ್ಲಿ ಕೊಡಗು ವನ್ಯಜೀವಿ ಸಂಘದ ಅನುಮತಿ ಪಡೆದು ಗಾಳ ಹಾಕಬಹುದು. ನಿಯಮ ಒಂದೇ ಮಾತಿನದು: ಹಿಡಿದದ್ದನ್ನು ಜೀವಂತವಾಗಿ ಹೊಳೆಗೇ ಬಿಡಬೇಕು.

ನಾವು ಹೊಳೆಗಿಳಿದಾಗ ಇನ್ನೂ ಮಂಜು ಕರಗಿರಲಿಲ್ಲ. ಬೇಸಿಗೆಗೆ ಮುಖ ಮಾಡಿದ ಕಾವೇರಿ ತೆಳ್ಳಗಾಗಿ, ಬಂಡೆಗಳ ನಡುವೆ ದಾರಿ ಹುಡುಕುತ್ತಾ ಹರಿಯುತ್ತಿದ್ದಳು. ದಡದ ಮರಳಿನಲ್ಲಿ ಆನೆ ಹೆಜ್ಜೆ. ಆಚೆ ಬಿದಿರು ಮೆಳೆಯ ಬುಡದಲ್ಲಿ ಎರಡು ನೀರುನಾಯಿಗಳು ತಲೆ ಎತ್ತಿ ನಮ್ಮನ್ನು ನೋಡಿ ಮುಳುಗಿದವು.

ದೊಡ್ಡ ಬಿಳಿಮೀನು ಹಿಡಿಯುವವರು ದಪ್ಪ ಕೋಲಿಗೆ ರಾಗಿ ಹಿಟ್ಟಿನ ಉಂಡೆ ಕಟ್ಟುತ್ತಾರೆ. ಹೌದು ಮಕ್ಕಳೇ, ನಮ್ಮ ಹಾಗೆ ಈ ಮೀನಿಗೂ ರಾಗಿ ಎಂದರೆ ಇಷ್ಟ! ಆದರೆ ಗೆಳೆಯ ತಂದದ್ದು ಹಗುರ ಗಾಳ. ಆರಡಿಯ ಕೋಲು, ತೂಕ ಕೊಡೆಗಿಂತ ಕಡಿಮೆ. ದಾರ ಎಷ್ಟು ತೆಳುವೆಂದರೆ ಮೂರೂವರೆ ಕಿಲೋ ಭಾರಕ್ಕೆ ತುಂಡಾಗುತ್ತದೆ. ತುದಿಯಲ್ಲಿ ಮರಿಮೀನಿನಂತೆ ಮಿನುಗುವ ತಗಡಿನ ಚಮಚ, ಅದಕ್ಕೊಂದು ಕೊಕ್ಕೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದ. ಹಾಗೆ ಮಾಡಿದರೆ ಬಾಯಿ ಹರಿಯದೆ ಸಲೀಸಾಗಿ ಬಿಡಿಸಬಹುದು.

“ಇದು ಚಿಕ್ಕ ಮೀನಿಗೆ ಮಾತ್ರ. ದೊಡ್ಡದು ಬಂದರೆ ನಾನು ಹೇಳಿದ ಹಾಗೆ ಕೇಳಬೇಕು” ಎಂದು ಮೊದಲೇ ಎಚ್ಚರಿಸಿದ.

ಗಾಳ ಎಸೆಯುತ್ತಾ ಅವನು ಪಾಠ ಶುರು ಮಾಡಿದ. ಬಿಳಿಮೀನು ಎಂದರೆ ಮಹಸೀರ್. ಬಾಯಿಯ ಅಂಚಿನಲ್ಲಿ ಎರಡು ಜೊತೆ ಮೀಸೆ. ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ! 1946ರಲ್ಲಿ ಕಬಿನಿ ಹೊಳೆಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಜಾತಿಯೊಂದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಲಾಗಿದೆ. ಈಗ ಹೆಚ್ಚಾಗಿ ಸಿಗುವುದು ನೀಲಿ ರೆಕ್ಕೆಯ ಜಾತಿ.

ಪಾಠ ಮುಗಿದಿರಲಿಲ್ಲ. ನನ್ನ ಕೋಲು ಬಿಲ್ಲಿನಂತೆ ಬಾಗಿತು. ರೀಲು ಕಿರ್ರನೆ ಕೂಗಿ ದಾರ ಬಿಚ್ಚಿಕೊಳ್ಳತೊಡಗಿತು. ಎದೆ ಬಾಯಿಗೆ ಬಂದಿತು! ಎಳೆದರೆ ದಾರ ಹರಿಯುವ ಭಯ, ಬಿಟ್ಟರೆ ಮೀನು ಬಂಡೆ ಸಂದಿಗೆ ಹೋಗುವ ಭಯ. ಅದು ಓಡಿತು, ನಿಂತಿತು, ಮತ್ತೆ ಓಡಿತು. ನಿಜ ಹೇಳಬೇಕೆಂದರೆ ನನಗೆ ಆ ಆಟ ಮುಗಿಯುವುದೇ ಬೇಡವಾಗಿತ್ತು.

“ಸಾಕು, ಬೇಗ ತಗೋ! ಆಟ ಆಡಿಸಬೇಡ!” ಗೆಳೆಯ ಕೂಗುತ್ತಿದ್ದ. ನಾನು ಕೇಳಲಿಲ್ಲ.

ಕಾಲು ಗಂಟೆಯ ಮೇಲೆ ಮೀನು ದಡದ ಬಳಿ ಬಂತು. ಮೂರು ಕಿಲೋ ಇದ್ದೀತು. ಬೆಳ್ಳಿ ರೂಪಾಯಿಯಂಥ ಹುರುಪೆ, ನೀಲಿ ಛಾಯೆಯ ರೆಕ್ಕೆ. ಕೊಕ್ಕೆ ಸುಲಭವಾಗಿ ಬಂತು. “ಒಂದು ಫೋಟೋ!” ಎಂದು ಒಣಗೈಯಲ್ಲೇ ಅದನ್ನು ಮೇಲೆತ್ತಿದೆ. ನನ್ನ ಫೋನು ಗೆಳೆಯನ ಕೈಯಲ್ಲಿ ತೆರೆಯಲಿಲ್ಲ. ನಾನು ಗುಪ್ತ ಸಂಖ್ಯೆ ಹೇಳಿದೆ, ಅವನು ತಪ್ಪಾಗಿ ಒತ್ತಿದ, ಮತ್ತೆ ಹೇಳಿದೆ. ಅಷ್ಟರಲ್ಲಿ ಅರ್ಧ ನಿಮಿಷ ಕಳೆಯಿತು.

ನೀರಿಗೆ ಬಿಟ್ಟಾಗ ಮೀನು ಈಜಲಿಲ್ಲ. ಮೆಲ್ಲಗೆ ವಾಲಿ ಹೊಟ್ಟೆ ಮೇಲೆ ಮಾಡಿತು.

ನನ್ನ ಕೈಕಾಲು ತಣ್ಣಗಾದವು. ಗೆಳೆಯ ಫೋನನ್ನು ಮರಳಿನ ಮೇಲೆ ಎಸೆದು ನೀರಿಗೆ ಹಾರಿದ. “ಬಾಲದ ಬುಡ ಹಿಡಿ. ಇನ್ನೊಂದು ಕೈ ಹೊಟ್ಟೆಯ ಕೆಳಗೆ. ಒತ್ತಬೇಡ. ಮುಖ ಹರಿವಿಗೆ ಎದುರಾಗಿರಲಿ. ಬಾಯಿಂದ ನೀರು ಹೋಗಿ ಕಿವಿರಿನಿಂದ ಹೊರಗೆ ಬರಬೇಕು.”

ಸೊಂಟದವರೆಗಿನ ತಣ್ಣೀರಿನಲ್ಲಿ ನಾನು ಮೀನು ಹಿಡಿದು ನಿಂತೆ. ಒಂದು ನಿಮಿಷ. ಎರಡು. ಕಿವಿರು ಅಲುಗಲಿಲ್ಲ. ಅಜ್ಜಿಯ ಮುಖ ಕಣ್ಣ ಮುಂದೆ ಬಂತು. ಇದೇ ಹೊಳೆಯಲ್ಲವೇ ಕೆಳಗೆ ರಾಮನಾಥಪುರಕ್ಕೆ ಹೋಗುವುದು? ಮುಟ್ಟಬೇಡ ಎಂದರೆ ಮುಟ್ಟಿ, ಕೊಂದೇಬಿಟ್ಟೆನಲ್ಲ ಎನಿಸಿತು.

ಆಮೇಲೆ ಕಿವಿರು ಒಮ್ಮೆ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. ಎಷ್ಟೋ ಹೊತ್ತಿನ ನಂತರ ಬಾಲ ನನ್ನ ಮುಷ್ಟಿಯಲ್ಲಿ ಗಟ್ಟಿಯಾಯಿತು. ಒಂದು ಕೊಡವು, ಮುಖಕ್ಕೆ ನೀರೆರಚಿ ಹೊರಟೇ ಹೋಯಿತು. ಫೋನಿನಲ್ಲಿ ಸಿಕ್ಕಿದ್ದು ಬರೀ ಆಕಾಶ ಮತ್ತು ಗೆಳೆಯನ ಹೆಬ್ಬೆರಳು.

ಬಂಡೆಯ ಮೇಲೆ ಕೂತು ಅಕ್ಕಿ ರೊಟ್ಟಿ ಬಿಚ್ಚಿದೆವು. ಗೆಳೆಯ ಬೈಯಲಿಲ್ಲ. “ಹಗುರ ಗಾಳ ಅಂದರೆ ಮೀನಿಗೂ ಹಗುರ ಅಂದುಕೊಳ್ತಾರೆ. ದಾರ ತೆಳುವಾದಷ್ಟೂ ಹೋರಾಟ ಉದ್ದ. ಓಡಿ ಓಡಿ ಸುಸ್ತಾದವನ ಮೂಗು ಮುಚ್ಚಿದ ಹಾಗೆ, ದಣಿದ ಮೀನನ್ನು ಗಾಳಿಗೆ ಎತ್ತೋದು. ಒಣಗೈ ತಾಗಿದರೆ ಮೈಯ ಲೋಳೆ ಹೋಗುತ್ತೆ, ರೋಗ ಹತ್ತುತ್ತೆ” ಎಂದ.

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಮಾತಾಡಿದ. ಅವನು ಹುಡುಗನಾಗಿದ್ದಾಗ ಹೊಳೆಗೆ ತೋಟೆ ಸಿಡಿಸುತ್ತಿದ್ದರಂತೆ. ಮದ್ದು ಸಿಡಿದರೆ ದೊಡ್ಡ ಮೀನು, ಬೆರಳುದ್ದದ ಮರಿ, ಎಲ್ಲವೂ ಸಾಯುತ್ತಿದ್ದವು. “ನಾನೂ ಬುಟ್ಟಿ ಹಿಡಿದು ಹೋಗಿದ್ದೆ. ಎರಡು ಬುಟ್ಟಿ ತುಂಬಿಕೊಂಡು ಬಂದೆವು. ತಳಕ್ಕೆ ಮುಳುಗಿದ್ದನ್ನು ಯಾರೂ ಎಣಿಸಲಿಲ್ಲ. ಈಗ ಗಾಳ ಹಿಡಿದು ಇಲ್ಲಿ ಕೂರ್ತೀನಿ. ದಡದಲ್ಲಿ ಜನ ಇದ್ದರೆ ತೋಟೆಯವರು ಬರೋಲ್ಲ.”

ಸಂಜೆ ಮತ್ತೆ ಗಾಳ ಹಾಕಿದೆ. ಗೇಣುದ್ದದ ಮರಿಯೊಂದು ಸಿಕ್ಕಿತು. ಬೇಗನೆ ಎಳೆದು, ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿದೆ. ಅದು ತಕ್ಷಣ ಓಡಿತು.

ಮನೆಗೆ ಬಂದು ಎಲ್ಲವನ್ನೂ ಮುಚ್ಚಿಡದೆ ಮೊಮ್ಮಗಳಿಗೆ ಹೇಳಿದೆ. “ಹಿಡಿದದ್ದು ನನ್ನ ಆಸೆಗೆ ಕಣಮ್ಮ. ಹಿಡಿಯೋದು ಕಾಲು ಗಂಟೆಯ ಕೆಲಸ. ಬಿಡೋದನ್ನೇ ಕಲೀಬೇಕು ಅಂತ ಗೊತ್ತಾಯ್ತು.”

ಅವಳು ಯೋಚಿಸಿ ಕೇಳಿದಳು: “ಆ ದೊಡ್ಡ ಮೀನು ಆಮೇಲೆ ಬದುಕಿತಾ?”

“ಈಜಿಕೊಂಡು ಹೋಯ್ತು. ನಾನು ನೋಡಿದ್ದು ಅಷ್ಟೇ.”

ಬರುವ ಭಾನುವಾರ ಇಬ್ಬರೂ ರಾಮನಾಥಪುರಕ್ಕೆ ಹೊರಟಿದ್ದೇವೆ. ಕಡಲೆಪುರಿಯ ಪೊಟ್ಟಣ ಅವಳ ಚೀಲದಲ್ಲಿದೆ. ನೀರಿಗೆ ಕೈ ಹಾಕುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ.