ಚೀಲ ಕೆಳಗಿರಲಿ

ನಮ್ಮಜ್ಜ ಕೊಟ್ಟಿಗೆಯ ದಾರಂದಕ್ಕೆ ತಲೆ ಹೊಡೆಸಿಕೊಂಡದ್ದನ್ನು ಮನೆಯಲ್ಲಿ ಯಾರೂ ದೊಡ್ಡದು ಮಾಡಲಿಲ್ಲ. 78 ವರ್ಷಗಳಲ್ಲಿ ಆ ದಾರಂದ ಎಷ್ಟು ಸಲ ಅವರ ಹಣೆಗೆ ಬಡಿದಿತ್ತೋ! ಅಜ್ಜಿ ಒಂದಿಷ್ಟು ಅರಿಸಿನ ಮೆತ್ತಿದರು, ಅಜ್ಜ ಹಾಲು ಕರೆಯಲು ಕೂತರು. ಅದು 2012ರ ನವೆಂಬರ್. ನಾನಾಗ ಸಾಗರದಲ್ಲಿ ಎರಡನೇ ಪಿಯುಸಿ.

ಆರು ವಾರ ಕಳೆದ ಮೇಲೆ, ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ, ಅಜ್ಜನ ಲೆಕ್ಕ ತಪ್ಪತೊಡಗಿತು. ಕೊನೆಗಾರನಿಗೆ ಒಂದೇ ದಿನದ ಕೂಲಿಯನ್ನು ಎರಡು ಸಲ ಕೊಟ್ಟರು. ಎಡಗಾಲಿನ ಚಪ್ಪಲಿ ಕಳಚಿದ್ದು ತಿಳಿಯದೆ ತೋಟಕ್ಕೆ ನಡೆದರು. ಹಗಲೆಲ್ಲ ನಿದ್ದೆ. 'ವಯಸ್ಸಾಯ್ತಲ್ಲ, ಅರಳು ಮರಳು' ಎಂದರು ಎಲ್ಲರೂ. ಪರೀಕ್ಷೆಯ ತಲೆಬಿಸಿಯಲ್ಲಿ ನಾನೂ ಹೂಂ ಎಂದೆ. ಇವತ್ತಿಗೂ ಯಾರಾದರೂ ಆ ಮಾತು ಆಡಿದರೆ ನನಗೆ ಸಿಟ್ಟು ಬರುತ್ತದೆ. ಅರ್ಧ ಸಿಟ್ಟು ನನ್ನ ಮೇಲೆಯೇ.

ಒಂದು ಬೆಳಿಗ್ಗೆ ಕಾಫಿ ಲೋಟ ಎಡಗೈಯಿಂದ ಜಾರಿ ಬಿತ್ತು. ಆಗ ಎಚ್ಚರವಾಯಿತು. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, ಬಲಗಡೆ ಬುರುಡೆಗೂ ಮಿದುಳಿಗೂ ನಡುವೆ ಬಿದಿಗೆ ಚಂದ್ರನ ಹಾಗಿದ್ದ ಪಟ್ಟಿ ತೋರಿಸಿದರು. ವಯಸ್ಸಾದಂತೆ ಮಿದುಳು ತುಸು ಕುಗ್ಗುತ್ತದಂತೆ. ಆಗ ಅದರಿಂದ ಹೊರಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದ ದಾರದ ಹಾಗಿರುತ್ತವೆ. ಸಣ್ಣ ಪೆಟ್ಟೂ ಸಾಕು. ಅಜ್ಜ ಹೃದಯಕ್ಕೆಂದು ನುಂಗುತ್ತಿದ್ದ ರಕ್ತ ತೆಳುವಾಗಿಸುವ ಮಾತ್ರೆಯೂ ಜೊತೆಗೂಡಿತ್ತು. ಸೋರಿದ ರಕ್ತ ವಾರಗಟ್ಟಲೆ ಅಲ್ಲೇ ಕೂತು ಕರಗಿ, ಮತ್ತೆ ಜಿನುಗಿ, ಮಿದುಳನ್ನು ಒತ್ತುತ್ತಿತ್ತು. ಬಲಗಡೆ ಒತ್ತಿದರೆ ಎಡಗೈ, ಎಡಗಾಲು ಸೋಲುತ್ತವೆ.

ಬುರುಡೆಗೆ ಎರಡು ತೂತು ಕೊರೆದು ತೊಳೆದರು. ಹಳೇ ಎಂಜಿನ್ ಆಯಿಲ್ ಬಣ್ಣದ ದ್ರವ ಬಂತೆಂದರು. ಅಷ್ಟಕ್ಕೇ ಮುಗಿಯಲಿಲ್ಲ. ವಾರಗಟ್ಟಲೆ ಒತ್ತಿಸಿಕೊಂಡ ಮಿದುಳು ತಕ್ಷಣ ಅರಳಿ ಜಾಗ ತುಂಬುವುದಿಲ್ಲ. ಆ ಪೊಳ್ಳಿನಲ್ಲಿ ಮತ್ತೆ ದ್ರವ ನಿಲ್ಲಬಾರದೆಂದು ತೆಳುವಾದ ನಳಿಕೆ ಇಟ್ಟು, ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಮಂಚದಿಂದ ಕೆಳಕ್ಕೆ ತೂಗುಬಿಟ್ಟಿದ್ದರು. ಎಳೆಯುವ ಯಂತ್ರವೇನೂ ಇರಲಿಲ್ಲ. ಚೀಲ ತಲೆಗಿಂತ ಕೆಳಗಿರುವುದೇ ಅದರ ಯಂತ್ರ.

ರಾತ್ರಿ ಕಾವಲು ನನ್ನದು. ಅಜ್ಜ ಅರೆಎಚ್ಚರದಲ್ಲಿ ನಳಿಕೆಯತ್ತ ಕೈ ಒಯ್ಯುತ್ತಿದ್ದರು, ನಾನು ಕೈ ಹಿಡಿದು ಕೂರುತ್ತಿದ್ದೆ. ಎರಡು ಗಂಟೆಯ ಸುಮಾರಿಗೆ ಹಾಸಿಗೆ ಒದ್ದೆಯಾಯಿತು. ಬಟ್ಟೆ ಬದಲಿಸಲು ಅಡ್ಡವಾಗುತ್ತದೆಂದು ಚೀಲ ಬಿಚ್ಚಿ ಅಜ್ಜನ ದಿಂಬಿನ ಮೇಲಿಟ್ಟೆ.

ಸಿಸ್ಟರ್ ಓಡಿ ಬಂದು ಚೀಲ ಕೆಳಗಿಳಿಸಿದರು. 'ಸೈನ್ಸ್ ಓದ್ತೀನಿ ಅಂತೀಯ, ನೀರು ಯಾವ ಕಡೆ ಹರಿಯುತ್ತೆ ಗೊತ್ತಿಲ್ವಾ? ಹೊರಗೆ ಬಂದದ್ದು ವಾಪಸ್ ತಲೆಗೆ ಹೋದ್ರೆ?' ದ್ರವದ ಒತ್ತಡದ ಪಾಠದಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು. ಬೆಳಗಿನವರೆಗೆ ನಿಮಿಷಕ್ಕೊಮ್ಮೆ ಅಜ್ಜನನ್ನು ಹೆಸರು ಕೇಳಿ ಎಬ್ಬಿಸಿದೆ. ಐದನೆಯ ಸಲಕ್ಕೆ ಅವರು, 'ನಿಂಗೆ ಗೊತ್ತಿಲ್ವಾ?' ಎಂದು ಗದರಿದರು. ಅಷ್ಟು ಸಂತೋಷದ ಬೈಗುಳ ನಾನು ಕೇಳಿದ್ದಿಲ್ಲ.

ಈ ನಳಿಕೆಯ ಬೆಲೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಇಂಥ 215 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ್ದರು. ಫಲಿತಾಂಶ 2009ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ನಳಿಕೆ ಇಡದವರಲ್ಲಿ 107ಕ್ಕೆ 26 ಮಂದಿಗೆ ಮತ್ತೆ ದ್ರವ ತುಂಬಿ ಶಸ್ತ್ರಚಿಕಿತ್ಸೆ ಬೇಕಾಯಿತು. ಇಟ್ಟವರಲ್ಲಿ 108ಕ್ಕೆ 10. ಆರು ತಿಂಗಳಲ್ಲಿ ಸತ್ತವರ ಪ್ರಮಾಣವೂ ಸುಮಾರು ಅರ್ಧ. ಒಂದು ನಳಿಕೆ, ಒಂದು ಚೀಲ, ಎರಡು ದಿನ!

ಮಾರನೇ ದಿನ ಅಜ್ಜನಿಗೆ ಪೂರ್ತಿ ಎಚ್ಚರವಿತ್ತು. ನನ್ನ ತಪ್ಪನ್ನು ಅಪ್ಪನಿಗೆ ಹೇಳುವ ಧೈರ್ಯವಾಗದೆ ಅವರಿಗೇ ಹೇಳಿದೆ. ಅಜ್ಜ ನಳಿಕೆಯನ್ನು ಓರೆಗಣ್ಣಿನಲ್ಲಿ ನೋಡಿ, 'ಗುಡ್ಡದಿಂದ ಮನೆಗೆ ದಬ್ಬೆ ನೀರು ತಂದ ಹಾಗೇ ಅಲ್ವೋ ಅಪ್ಪಿ? ಇಳಿಜಾರು ತಪ್ಪಿಸಿದರೆ ನೀರು ಬರತ್ತಾ?' ಎಂದರು. ಎರಡು ದಿನಕ್ಕೆ ನಳಿಕೆ ತೆಗೆದರು. ವಾರಕ್ಕೆ ಮನೆಗೆ ಬಂದೆವು.

ಜಗಲಿಯಲ್ಲಿ ಕೂತವರೇ ಅಜ್ಜ ಲೆಕ್ಕದ ಪುಸ್ತಕ ತರಿಸಿದರು. ತುಂಬ ಹೊತ್ತು ಬೆರಳಿಟ್ಟು ನೋಡಿ ಅಪ್ಪನನ್ನು ಕರೆದರು. 'ಕೊನೆಗಾರಂಗೆ ಎರಡು ಸಲ ಕೊಟ್ಟಿದ್ದೀನಿ. ವಾಪಸ್ ಕೇಳಕ್ಕೆ ಹೋಗಬೇಡ, ಮುಂದಿನ ಕೊಯ್ಲಿಗೆ ಹಿಡಿದುಕೊಂಡರಾಯ್ತು.'