ಲೋಕದ ಬುತ್ತಿ

ಮನೆಯಲ್ಲಿ ಬೆಚ್ಚಗೆ ಉಣ್ಣಬಹುದಾದ ಊಟವನ್ನು ಕಟ್ಟಿಕೊಂಡು ಹೋಗಿ, ಇರುವೆಗಳೊಡನೆ ಹಂಚಿಕೊಂಡು ಉಣ್ಣುವ ಹುಚ್ಚು ಎಲ್ಲ ದೇಶದವರಿಗೂ ಉಂಟು. ನಮ್ಮಲ್ಲಿ ಕಾರ್ತಿಕದಲ್ಲಿ ನೆಲ್ಲಿಮರದಡಿ ವನಭೋಜನ. ಜಪಾನಿನಲ್ಲಿ ಚೆರ್ರಿ ಹೂ ಬಿಟ್ಟಾಗ ಮರದಡಿ ಚಾಪೆ ಹಾಸುತ್ತಾರೆ. ಮನೆಯಲ್ಲಿ ಬೇಡವೆನಿಸಿದ ಚಿತ್ರಾನ್ನ ಮರದ ನೆರಳಿನಲ್ಲಿ ಅಮೃತವಾಗುವುದು ಹೇಗೆಂಬುದನ್ನು ಬಲ್ಲವರು ಹೇಳಬೇಕು.

ಈ ಸಲದ ನಮ್ಮ ವನಭೋಜನ ದೇವನಹಳ್ಳಿಯ ಆಚೆ, ಸ್ನೇಹಿತರೊಬ್ಬರ ತೋಟದಲ್ಲಿ. ಅಡುಗೆಯ ಪಟ್ಟಿ ಮಾಡುವ ಅಧಿಕಾರವನ್ನು ಮಕ್ಕಳು ಕಸಿದುಕೊಂಡಿದ್ದಾರೆ. ಒಂದೊಂದು ಡಬ್ಬಿಯಲ್ಲಿ ಒಂದೊಂದು ದೇಶವಿರಬೇಕಂತೆ. ನನ್ನದೇನೂ ತಕರಾರಿಲ್ಲ, ನಾಲಗೆಗೆ ರಹದಾರಿ ಬೇಡ. ತೊಡಕು ಯಲಹಂಕದ ಅತ್ತಿಗೆಯವರದು. ಅಣ್ಣ ತೀರಿಕೊಂಡು ವರ್ಷವಾಯಿತು. ಅಂದಿನಿಂದ ಅವರು ಹೊಸ್ತಿಲು ದಾಟುವುದು ಹಾಲಿಗೆ, ಔಷಧಿಗೆ, ಅಷ್ಟೇ. ಊಟವೆಂದರೆ ಒಂದು ಹಿಡಿ ಮಜ್ಜಿಗೆಯನ್ನ. ನಿಜ ಹೇಳಬೇಕೆಂದರೆ ಈ ಗದ್ದಲವೆಲ್ಲ ಅವರನ್ನು ಹೊರಡಿಸುವುದಕ್ಕಾಗಿಯೇ. ಅವರೋ, “ಈರುಳ್ಳಿ ಬೆಳ್ಳುಳ್ಳಿ ನನಗಾಗೋಲ್ಲ, ಹೆಸರು ಗೊತ್ತಿಲ್ಲದ್ದನ್ನು ಮುಟ್ಟೋಲ್ಲ. ನೀವೆಲ್ಲ ಹೋಗಿಬನ್ನಿ” ಎಂದುಬಿಟ್ಟರು.

ಪಟ್ಟಿ ನನ್ನ ಕೈಗೆ ಬಂತು. ಹಸಿ ಮೊಟ್ಟೆ, ಎಣ್ಣೆ ಸೇರಿಸಿ ಕಡೆಯುವ ಮೇಯನೇಸನ್ನು ಮೊದಲೇ ಹೊಡೆದುಹಾಕಿದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದು ವಿಷವಾಗಬಹುದು. ಜಪಾನೀಯರ ಓನಿಗಿರಿ ಮಾತ್ರ ಬುತ್ತಿಯ ಮರ್ಮ ಬಲ್ಲ ತಿಂಡಿ. ಅನ್ನದ ಉಂಡೆ, ನಡುವೆ ಉಪ್ಪಿನಲ್ಲಿ ನೆನೆದ ಹುಳಿಹಣ್ಣು. ಉಪ್ಪು, ಹುಳಿ ಸೇರಿದರೆ ಅನ್ನ ಬೇಗ ಹಳಸುವುದಿಲ್ಲ. ನಮ್ಮ ಪುಳಿಯೋಗರೆಯ ಯುಕ್ತಿಯೂ ಅದೇ, ಎಣ್ಣೆಯೊಂದು ಹೆಚ್ಚು. ಆ ಊರಿನವರಿಗೂ ಮೇಲುಕೋಟೆಯ ಬಾಣಸಿಗರಿಗೂ ಪತ್ರವ್ಯವಹಾರ ನಡೆದಿರಲಾರದು! ಉಂಡೆಯ ನಡುವೆ ಹುಣಿಸೆಯ ಗೊಜ್ಜು ಇಡೋಣವೆಂದು ಬರೆದುಕೊಂಡೆ.

ಇಥಿಯೋಪಿಯದ ಇಂಜೆರದ ಚಿತ್ರವನ್ನು ಅತ್ತಿಗೆಯವರಿಗೇ ತೋರಿಸಿದೆ. ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ಹುಳಿ ಬರಿಸಿ, ಅಗಲವಾದ ಕಾವಲಿಯ ಮೇಲೆ ಹೊಯ್ದು, ಮಗುಚದೆ ಬೇಯಿಸುತ್ತಾರೆ, ಮೈಯೆಲ್ಲ ತೂತು. “ಇದು ದೋಸೆಯಲ್ಲವೇ?” ಎಂದರು. ಟೆಫ್ ನಮಗೆಲ್ಲಿ ಸಿಗಬೇಕು, ರಾಗಿಯಲ್ಲೇ ಮಾಡೋಣವೆಂದೆ. ರಾಗಿಯ ತವರೂ ಆ ಪೂರ್ವ ಆಫ್ರಿಕದ ಎತ್ತರದ ನಾಡುಗಳೇ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ಒಕ್ಕಲಾಯಿತು. ಮಂಡ್ಯದಲ್ಲಿ ದುಡಿದ ‘ರಾಗಿ ಲಕ್ಷ್ಮಣಯ್ಯ’ನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ, ಇಂಡಿಯ-ಆಫ್ರಿಕ ಎರಡೂ ಹೆಸರನ್ನು ಬೆಸೆದು ‘ಇಂಡಾಫ್’ ತಳಿಗಳನ್ನು ಕೊಟ್ಟರು. ತೌರುಮನೆಯವರೊಡನೆ ಮತ್ತೆ ನಂಟಸ್ತಿಕೆ ಬೆಳೆಸಿದ ಹಾಗೆ.

ಥಾಯ್ ದೇಶದ ಪಾಲಿಗೆ ದೇವನಹಳ್ಳಿಯ ಚಕ್ಕೋತವೇ ಇದೆ. ಆಗ್ನೇಯ ಏಷ್ಯದಿಂದ ಬಂದ ಹಣ್ಣು. ಇಂದು ದೇವನಹಳ್ಳಿಯ ಹೆಸರಿನಲ್ಲೇ ಭೌಗೋಳಿಕ ಸೂಚಕ ಪಡೆದಿದೆ. ಥಾಯ್ ಜನ ಅದರ ತೊಳೆ ಬಿಡಿಸಿ, ಹುರಿದ ಕಡಲೆಕಾಯಿ ಬೀಜ, ತೆಂಗಿನಕಾಯಿ, ಮೆಣಸಿನಕಾಯಿ ಸೇರಿಸುತ್ತಾರೆ. ಮೀನಿನ ರಸವನ್ನೂ ಹಾಕುತ್ತಾರೆ; ಆ ಸಂಗತಿಯನ್ನು ನಾನು ಅತ್ತಿಗೆಯವರ ಮುಂದೆ ಎತ್ತಲಿಲ್ಲ. “ಕೋಸಂಬರಿ ಅನ್ನು” ಎಂದರು.

ಮಾತು ಬೆಳೆಯಿತು. ಪುಳಿಯೋಗರೆಯ ಮೆಣಸಿನಕಾಯಿ, ಕಡಲೆಕಾಯಿ ಎರಡೂ ಅಮೆರಿಕ ಖಂಡದವು, ಹುಣಿಸೆಯೂ ಮೂಲತಃ ಆಫ್ರಿಕದ್ದು ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದರು.

“ಇಂಗು ಕಾಬೂಲಿನ ಕಡೆಯದು, ಅದು ನನಗೆ ಗೊತ್ತು. ಹಾಗಾದರೆ ನಮ್ಮದು ಅಂತ ಏನು ಉಳೀತಪ್ಪ?”

“ಎಳ್ಳು, ಕರಿಮೆಣಸು, ಕರಿಬೇವು. ಮತ್ತೆ ನಿಮ್ಮ ಕೈಗುಣ, ಅತ್ತಿಗೆ.”

“ಸಾಕು, ಸಾಕು” ಎಂದರು. ಆದರೂ ವರ್ಷದ ಮೇಲೆ ಮೊದಲ ಸಲ ಸಣ್ಣಗೆ ನಕ್ಕರು.

ಮಾರನೆಯ ಬೆಳಗ್ಗೆ ಅವರದೇ ಫೋನು. ಗೊಜ್ಜನ್ನು ತಾವೇ ಕಾಯಿಸುವರಂತೆ. ನಮ್ಮ ಕೈಗೆ ಕೊಟ್ಟರೆ ಬೆಲ್ಲ ಸುರಿದುಬಿಡುತ್ತೇವಂತೆ. ಎರಡು ದಿನ ಮೊದಲೇ ಆಗಬೇಕು, ಎಣ್ಣೆಯಲ್ಲಿ ಕೂತು ಹದಕ್ಕೆ ಬರಬೇಕು. ಯಶವಂತಪುರದಿಂದ ಅರ್ಧ ಕೆ.ಜಿ. ಹುಣಿಸೆಹಣ್ಣು ತರಲು ನನಗೆ ಅಪ್ಪಣೆಯಾಗಿದೆ. ಹಳೆಯದೇ ಆಗಬೇಕು, ಕಪ್ಪಗಿರಬೇಕು, ಹೊಸದಾದರೆ ವಾಪಸು ಕಳಿಸುತ್ತಾರಂತೆ.